ಹದಿನೇಳನೇ ನಂಬರ್ ನಿಂತೇ ಇದೆ

ಚಿಕ್ಕಮ್ಮನ ಅಂಗಿಗೆ ಜೇಬಿರಲಿಲ್ಲ. ಇಷ್ಟೇ ಕಥೆ. ಉಳಿದಿದ್ದೆಲ್ಲ ಇದರಿಂದಾನೇ ಹುಟ್ಟಿದ್ದು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನೀಲಿ ಅಂಗಿ, ನೀಲಿ ಪ್ಯಾಂಟು. ಯೂನಿವರ್ಸಿಟಿಯವರೇ ಹೊಲಿಸಿ ಕೊಟ್ಟಿದ್ದು. ಖಾಸಗಿ ಯೂನಿವರ್ಸಿಟಿ, ಗಾಜಿನ ಕಟ್ಟಡ, ಏಳು ಮಹಡಿ. ಲಿಫ್ಟಲ್ಲಿ ಸಂಗೀತ ಬರುತ್ತೆ, ಮೆಟ್ಟಿಲಲ್ಲಿ ಬರಲ್ಲ. ಗುಡಿಸೋರು ಒರೆಸೋರು ಹತ್ತೋದು ಮೆಟ್ಟಿಲು. ಅಂಥೋರು ನಲವತ್ತು ಜನ. ನಲವತ್ತು ಜನರ ಅಂಗಿಗೂ ಜೇಬಿಲ್ಲ, ಪ್ಯಾಂಟಿಗೂ ಜೇಬಿಲ್ಲ. ದರ್ಜಿ ಮರೆತಿದ್ದಲ್ಲ. ಬೇಡ ಅಂತ ಬರೆದು ಕೊಟ್ಟು ಹೊಲಿಸಿದ್ದು. ಜೇಬಿದ್ರೆ ಸೋಪು ಕದೀತಾರಂತೆ. ಸೋಪು ಕದ್ದು ಮಹಡಿ ಮನೆ ಕಟ್ಟಿಸಿದೋರನ್ನ ಯಾರು ನೋಡಿದ್ದಾರೋ, ನಾನಂತೂ ನೋಡಿಲ್ಲ.

ಹಂಗಾಗಿ ಬಸ್ ಚೀಟಿ ಕಾಲುಚೀಲದೊಳಗೆ. ಮಂಡಿನೋವಿನ ಮಾತ್ರೆ ಕರವಸ್ತ್ರದ ತುದಿಗೆ ಗಂಟು ಹಾಕಿ ಸೊಂಟಕ್ಕೆ. ಚಿಕ್ಕಮ್ಮ ಹೇಳೋಳು, "ನಮ್ಮ ಯೂನಿವರ್ಸಿಟೀಲಿ ಜೇಬಿಲ್ಲದೆ ಹುಟ್ಟಿದ ಪ್ರಾಣಿಗಳು ಎರಡೇ ಕಣೇ. ನಾವು, ಮತ್ತೆ ಕ್ಯಾಂಟೀನ್ ಹಿಂದಿನ ಬೆಕ್ಕು."

ಆಮೇಲೆ ಬಿಲ್ಲೆ ಬಂತು. ಬಿಳಿ ಪ್ಲಾಸ್ಟಿಕ್ ಬಿಲ್ಲೆ, ಬಿಸ್ಕತ್ತಿನಷ್ಟು ದಪ್ಪ, ಮೇಲೆ ನಂಬರು. ಕೊರಳಿಗೆ ದಾರ. ಒಳಗೆ ಏನೋ ಚಿಪ್ಪು ಇದೆ, ಯಾರು ಎಲ್ಲಿದ್ದಾರೆ ಅಂತ ಅರ್ಧ ನಿಮಿಷಕ್ಕೊಂದು ಸಲ ಕಂಪ್ಯೂಟರಿಗೆ ಚಾಡಿ ಹೇಳುತ್ತೆ. ಹತ್ತು ನಿಮಿಷ ಅಲ್ಲಾಡದೆ ಒಂದೇ ಕಡೆ ಇದ್ರೆ ಕಂಪ್ಯೂಟರಲ್ಲಿ ಕೆಂಪು ಚುಕ್ಕಿ. ಕೆಂಪು ಅಂದ್ರೆ ಕೆಲಸಗಳ್ಳತನ. ಆದ್ರೆ ಆ ಕೆಂಪನ್ನ ಆಗ ಯಾರೂ ತೆರೆದು ನೋಡ್ತಿರಲಿಲ್ಲ, ಲೆಕ್ಕ ಮಾತ್ರ ಒಳಗೆ ಸೇರ್ತಿತ್ತು. ಚಿಕ್ಕಮ್ಮನ ನಂಬರು ಹದಿನೇಳು.

ಬಿಲ್ಲೆ ಬಂದ ಮೊದಲನೇ ವಾರಾನೇ ಒಂದು ಅನಾಹುತ ಆಯ್ತು. ಮೂರನೇ ಮಹಡಿ ಹುಡುಗರ ಶೌಚಾಲಯ. ಕಮೋಡಿನ ಒಳಗೆ ಬಗ್ಗಿ ಉಜ್ಜಬೇಕು, ದೂರ ನಿಂತು ಉಜ್ಜಿದ್ರೆ ಅಂಚಿನ ಕೆಳಗಿನ ಹಳದಿ ಹೋಗಲ್ಲ. ಚಿಕ್ಕಮ್ಮ ಬಗ್ಗಿದ್ಲು. ಬಿಲ್ಲೆ ಜೋತಾಡ್ತು. ದಾರದ ಕೊಂಡಿ ಬಿಚ್ಕೊಂಡು ನೀರೊಳಗೆ ಬಿತ್ತು. ಯಾರೋ ಪುಣ್ಯಾತ್ಮ ನೀರು ಬಿಡದೆ ಹೋಗಿದ್ದ. ಚಿಕ್ಕಮ್ಮ ಕೈ ಹಾಕಿದ್ಲು. ಮೊಣಕೈವರೆಗೂ.

ತೊಳೆದು ತಂದು ಸೂಪರ್‌ವೈಸರಿಗೆ ತೋರಿಸಿದ್ಲು. ಈ ಸೂಪರ್‌ವೈಸರಿಗೆ ಹೆಂಗಸರು ಇಟ್ಟ ಹೆಸರು ಸೊಳ್ಳೆ. ಕಿವಿ ಹತ್ರಾನೇ ಗುಂಯ್ ಅಂತಿರ್ತಾನೆ, ಹೊಡೆಯೋಕೆ ಸಿಗಲ್ಲ. ಸೊಳ್ಳೆ ಮೂಗು ಮುಚ್ಕೊಂಡ. ನಲವತ್ತು ಜನರನ್ನೂ ಸಾಲಾಗಿ ನಿಲ್ಲಿಸಿದ. "ಯೂನಿವರ್ಸಿಟಿ ಸಾಮಾನನ್ನ ಇವಳು ಎಲ್ಲಿ ಹಾಕಿದ್ದಾಳೆ ನೋಡಿ," ಅಂದ. "ಕೊರಳಿಗೆ ಹಾಕ್ಕೋ. ಎಲ್ಲರ ಮುಂದೆ ಹಾಕ್ಕೋ. ಇನ್ಮೇಲೆ ಬಿಲ್ಲೆ ಕೊರಳಿಂದ ಇಳಿದ್ರೆ ಕೆಲಸದಿಂದ ಇಳಿಸ್ತೀನಿ."

ಹಾಕ್ಕೊಂಡ್ಲು. ಸಂಜೆ ನಾಲ್ಕರವರೆಗೆ ಆ ಬಿಲ್ಲೆ ಎದೆ ಮೇಲೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಇದನ್ನ ಅವಳು ಮನೇಲಿ ಯಾರಿಗೂ ಹೇಳಲಿಲ್ಲ.

ಮಾರನೇ ದಿನ ಶೌಚಾಲಯದ ಬಾಗಿಲ ಪಕ್ಕ ಒಂದು ಮೊಳೆ ಕಂಡಿತು. ಹಿಂದೆ ಯಾವುದೋ ಬೋರ್ಡು ನೇತಾಕಿದ್ದ ಮೊಳೆ. ಚಿಕ್ಕಮ್ಮ ಆಕಡೆ ಈಕಡೆ ನೋಡಿದ್ಲು. ಬಿಲ್ಲೆ ತೆಗೆದು ಮೊಳೆಗೆ ತಗುಲಿಸಿದ್ಲು, ಒಳಗೆ ಹೋಗಿ ಉಜ್ಜಿ ಬಂದ್ಲು, ಮತ್ತೆ ಹಾಕ್ಕೊಂಡ್ಲು. ವಾರದೊಳಗೆ ನಲವತ್ತು ಜನರೂ ಕಲಿತರು. ಮೊಳೆ ಇರೋ ಕಡೆ ಮೊಳೆ, ಇಲ್ಲದ ಕಡೆ ಬಾಗಿಲ ಹಿಡಿ. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಯಾರೂ ಸೊಳ್ಳೆಗೆ ಹೇಳಲೂ ಇಲ್ಲ.

ಇನ್ನು ಹುಡುಗಿ ವಿಷಯ. ಚಿಕ್ಕಮ್ಮನ ಅಕ್ಕನ ಮಗಳು, ಅವಳು ಕರೆಯೋದನ್ನ ಕೇಳಿ ಕೇಳಿ ನಾನೂ ಚಿಕ್ಕಮ್ಮ ಅಂತೀನಿ. ಅಕ್ಕ ತೀರ್ಕೊಂಡಾಗ ಮೂರು ವರ್ಷದ ಕೂಸು. ಚಿಕ್ಕಮ್ಮ ಎತ್ಕೊಂಡಳು, ಇಳಿಸಲೇ ಇಲ್ಲ. ಚಿಕ್ಕಂದಿನಿಂದಲೂ ಅವಳಿಗೆ ಎಲ್ಲಾನೂ ಎಣಿಸೋ ಹುಚ್ಚು. ಬಸ್ಸಲ್ಲಿ ಎಷ್ಟು ಕಿಟಕಿ, ಅದರಲ್ಲಿ ಎಷ್ಟು ಒಡೆದಿದೆ, ನೂರಕ್ಕೆ ಎಷ್ಟಾಯ್ತು. ಚಿಕ್ಕಮ್ಮ ಅವಳನ್ನ ಕರೆಯೋದು ಜಾಣಿ ಅಂತ. ಸಿಟ್ಟು ಬಂದಾಗಲೂ ಜಾಣಿ, ಮುದ್ದು ಬಂದಾಗಲೂ ಜಾಣಿ, ಸ್ವರ ಮಾತ್ರ ಬೇರೆ.

ಆ ಯೂನಿವರ್ಸಿಟೀಲಿ ಕೆಲಸದವರ ಮನೆಮಕ್ಕಳಿಗೆ ವರ್ಷಕ್ಕೆ ಒಂದೇ ಒಂದು ಬಿಟ್ಟಿ ಸೀಟು. ಜಾಣಿ ಪರೀಕ್ಷೆ ಬರೆದು ಅದನ್ನ ಗಿಟ್ಟಿಸಿದಳು. ಡೇಟಾ ಅನಲಿಟಿಕ್ಸ್. ಏನು ಅದು ಅಂತ ಚಿಕ್ಕಮ್ಮ ಕೇಳಿದಾಗ, "ರಾಶಿ ರಾಶಿ ಅಂಕಿ ಇರುತ್ತೆ ಚಿಕ್ಕಮ್ಮ, ಅದನ್ನ ಗುಡಿಸಿ, ಕಸ ತೆಗೆದು, ಒಳಗೇನಿದೆ ಅಂತ ನೋಡೋದು," ಅಂದಳು.

"ಹಂಗಾದ್ರೆ ನನ್ನ ಕೆಲಸಾನೇ. ನಿಂಗೆ ಕುರ್ಚಿ ಇದೆ, ಅಷ್ಟೇ."

ಸೀಟಿಗೆ ಒಂದು ಷರತ್ತು. ಕೆಲಸದವರು ಕೆಲಸದಲ್ಲಿ ಇರೋವರೆಗೆ ಮಾತ್ರ ಸೀಟು. ಅವರು ಹೋದ್ರೆ ಇದೂ ಹೋಯ್ತು. ಚಿಕ್ಕಮ್ಮ ಇನ್ನೊಂದು ಷರತ್ತು ತಾನೇ ಹಾಕಿದಳು: ಒಳಗೆ ನಾನು ನಿಂಗೆ ಯಾರೂ ಅಲ್ಲ, ಎದುರು ಸಿಕ್ಕರೂ ನೋಡಬಾರದು, ಮಾತಾಡಿಸಬಾರದು. ಜಾಣಿ ಒಪ್ಪಲಿಲ್ಲ. ಎರಡು ದಿನ ಜಗಳ. ಕೊನೆಗೆ ಚಿಕ್ಕಮ್ಮ, "ನೀನು ನೋಡಿದ್ರೆ ನಾನು ನಗ್ತೀನಿ, ನಕ್ಕರೆ ಸೊಳ್ಳೆ ಬರ್ತಾನೆ," ಅಂದ ಮೇಲೆ ಸುಮ್ಮನಾದಳು. ಮೂರು ವರ್ಷ ಹಂಗೇ ನಡೀತು. ಕಾರಿಡಾರಲ್ಲಿ ಒಬ್ಬಳು ಪುಸ್ತಕ ಹಿಡ್ಕೊಂಡು ಗೋಡೆ ನೋಡ್ಕೊಂಡು ಹೋಗೋದು, ಇನ್ನೊಬ್ಬಳು ಕೋಲು ಹಿಡ್ಕೊಂಡು ನೆಲ ನೋಡ್ಕೊಂಡು ಒರೆಸೋದು. ಬಕೆಟ್ಟು ದಾಟುವಾಗ ಜಾಣಿ ಮೆಲ್ಲಗೆ ಬೆರಳಲ್ಲಿ ಬಕೆಟ್ಟಿನ ಅಂಚಿಗೆ ಟಣ್ ಅಂತ ಹೊಡೆಯೋಳು. ಅಷ್ಟೇ ಮಾತು.

ಕೊನೇ ವರ್ಷ. ಒಂದು ಪ್ರಾಜೆಕ್ಟ್ ಮಾಡಿದ್ರೆ ಡಿಗ್ರಿ. ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ರಾಶಿ ಅಂಕಿ ಹಂಚಿದ್ರು. ಒಬ್ಬನಿಗೆ ಗ್ರಂಥಾಲಯದ ಪುಸ್ತಕ, ಒಬ್ಬಳಿಗೆ ಕರೆಂಟು ಬಿಲ್ಲು. ಜಾಣಿಗೆ ಸಿಕ್ಕಿದ್ದು ನಲವತ್ತು ಬಿಲ್ಲೆಗಳು ಆರು ತಿಂಗಳು ಓಡಾಡಿದ ಲೆಕ್ಕ. ನಂಬರು ಮಾತ್ರ, ಹೆಸರಿಲ್ಲ. "ಅತಿ ಕಡಿಮೆ ಕೆಲಸ ಮಾಡೋ ಎಂಟು ನಂಬರ್ ಹುಡುಕಮ್ಮ. ಆಡಳಿತದವರಿಗೆ ಬೇಕಂತೆ, ಎಂಟು ಜನರನ್ನ ಕಡಿಮೆ ಮಾಡ್ತಾರಂತೆ. ನಿನ್ನ ಪ್ರಾಜೆಕ್ಟು ನಿಜವಾದ ಕೆಲಸಕ್ಕೆ ಬರುತ್ತೆ, ಅದೃಷ್ಟ ನಿಂದು," ಅಂದ್ರು. ಮೇಷ್ಟ್ರು ಕೆಟ್ಟೋರಲ್ಲ. ಅವರು ಶೌಚಾಲಯಕ್ಕೆ ದಿನಾ ಹೋಗ್ತಿದ್ರು, ಯಾವತ್ತೂ ನೋಡಿರಲಿಲ್ಲ, ಅಷ್ಟೇ.

ಆ ಸಂಜೆ ಚಿಕ್ಕಮ್ಮ ಬಿಸಿನೀರಲ್ಲಿ ಕಾಲಿಟ್ಕೊಂಡು ಕೂತಿದ್ಲು. ಜಾಣಿ ಲ್ಯಾಪ್‌ಟಾಪ್ ತೆಗೆದು ಪಕ್ಕಕ್ಕೆ ಬಂದಳು. ಮುಖ ಸುಟ್ಟ ಬದನೆಕಾಯಿ ಆಗಿತ್ತು.

"ಚಿಕ್ಕಮ್ಮ, ಮೂರನೇ ಮಹಡಿ ಶೌಚಾಲಯದ ಬಾಗಿಲಲ್ಲಿ ದಿನಾ ಇಪ್ಪತ್ತೆರಡು ನಿಮಿಷ ನಿಂತ್ಕೊಂಡು ಏನ್ ಮಾಡ್ತೀಯ?"

"ಕವಿತೆ ಬರೀತೀನಿ."

"ತಮಾಷೆ ಬೇಡ. ಐದನೇ ಮಹಡೀಲಿ ಇಪ್ಪತ್ತೈದು ನಿಮಿಷ. ಆರನೇದ್ರಲ್ಲಿ ಹತ್ತೊಂಬತ್ತು. ಅಲ್ಲಾಡೋದೇ ಇಲ್ಲ. ಇಡೀ ಯೂನಿವರ್ಸಿಟೀಲಿ ನಿನ್ನಷ್ಟು ಸೋಮಾರಿ ಇನ್ನೊಬ್ಬರಿಲ್ಲ. ಪಟ್ಟೀಲಿ ಮೊದಲನೇ ನಂಬರು ನೀನೇ."

ಚಿಕ್ಕಮ್ಮನಿಗೆ ಜನ್ಮದಲ್ಲಿ ಮೊದಲನೇ ಸಲ ಯಾವುದೋ ಪಟ್ಟೀಲಿ ಮೊದಲನೇ ನಂಬರು ಬಂದಿತ್ತು. ಅದಕ್ಕೇ ಒಂದು ಕ್ಷಣ ನಕ್ಕಳು. ಆಮೇಲೆ ಪಾದ ನೀರಿಂದ ಎತ್ತಿದಳು. "ಅದು ನಾನಲ್ಲ ಕಣೇ. ಅದು ಮೊಳೆ."

ಆವಾಗ ಎಲ್ಲಾ ಹೇಳಿದಳು. ಕಮೋಡು, ಕೈ, ಸಾಲು, ಕೊರಳು. ಜಾಣಿ ಕೇಳ್ತಾ ಕೇಳ್ತಾ ಲ್ಯಾಪ್‌ಟಾಪ್ ಮುಚ್ಚಿದಳು. "ಎಲ್ಲರಿಗಿಂತ ಚೆನ್ನಾಗಿ ಉಜ್ಜೋರೇ ಪಟ್ಟೀಲಿ ಮೇಲಿದ್ದಾರೆ ಚಿಕ್ಕಮ್ಮ. ಜಾಸ್ತಿ ಹೊತ್ತು ಉಜ್ಜಿದಷ್ಟೂ ಬಿಲ್ಲೆ ಜಾಸ್ತಿ ಹೊತ್ತು ಮೊಳೇಲಿ. ನಾಳೇನೇ ಮೇಷ್ಟ್ರಿಗೆ ಹೇಳ್ತೀನಿ."

"ಹೇಳು. ಬಿಲ್ಲೆ ತೆಗೀತಾರೆ ಅಂತ ಹೇಳು. ಎಂಟು ಜನ ಹೋಗೋ ಕಡೆ ನಲವತ್ತು ಜನ ಹೋಗ್ತೀವಿ. ನಿಯಮ ಮುರಿದಿದ್ದಕ್ಕೆ."

"ಹೇಳದಿದ್ರೆ ನೀನು ಹೋಗ್ತೀಯ."

"ನಾನು ಹೋದ್ರೆ ನಿನ್ನ ಸೀಟು ಹೋಗುತ್ತೆ. ಇನ್ನು ಮೂರು ತಿಂಗಳು." ಚಿಕ್ಕಮ್ಮ ಟವೆಲಲ್ಲಿ ಕಾಲೊರೆಸಿಕೊಂಡಳು. "ನನ್ನ ನಂಬರನ್ನ ಸ್ವಲ್ಪ ಕೆಳಗೆ ತಳ್ಳಕ್ಕಾಗಲ್ವೇನೇ? ಒಂಬತ್ತನೇದು ಮಾಡು."

"ಆಗ ಎಂಟನೇದು ಯಾರು ಬರ್ತಾರೆ ಗೊತ್ತಾ? ಮೂವತ್ತೊಂದು."

ಮೂವತ್ತೊಂದು ಅಂದ್ರೆ ಗುಂಡಕ್ಕ. ಮೆಟ್ಟಿಲು ಹತ್ತುವಾಗ ಚಿಕ್ಕಮ್ಮನ ಬಕೆಟ್ಟನ್ನೂ ತಾನೇ ಹೊರೋ ಗುಂಡಕ್ಕ. ಚಿಕ್ಕಮ್ಮ ಟವೆಲನ್ನ ಮಡಚಿ ಪಕ್ಕಕ್ಕಿಟ್ಟಳು. "ನೀನು ಏನೂ ಹೇಳ್ಬೇಡ. ಆಣೆ ಇಡು," ಅಂದಳು.

"ಆಣೆ. ನಾನಾಗಿ ಒಂದು ಮಾತೂ ಹೇಳಲ್ಲ."

ಮುಂದಿನ ವಾರ ಜಾಣಿ ಮೇಷ್ಟ್ರ ಹತ್ರ ಸುತ್ತಿ ಬಳಸಿ ಕೇಳಿ ನೋಡಿದಳು. ಸರ್, ಅಂಕಿಯಲ್ಲೇ ತಪ್ಪಿದ್ರೆ? ಮೇಷ್ಟ್ರು ಕನ್ನಡಕ ತೆಗೆದು, "ಮನುಷ್ಯರು ಸುಳ್ಳು ಹೇಳ್ತಾರಮ್ಮ, ಡೇಟಾ ಹೇಳಲ್ಲ," ಅಂದ್ರು. ಆ ಮಾತು ಅವರ ಕೋಣೆಯ ಗೋಡೆ ಮೇಲೂ ಚೌಕಟ್ಟು ಹಾಕಿ ನೇತಾಡ್ತಿತ್ತು. ಮೊಳೆಗೆ.

ಪ್ರಾಜೆಕ್ಟ್ ಒಪ್ಪಿಸೋ ದಿನ ಬಂತು. ಏಳನೇ ಮಹಡಿ ಸಭಾಂಗಣ, ಕೆಳಗೆ ಬೂದು ಬಣ್ಣದ ಕಾರ್ಪೆಟ್ಟು, ಉದ್ದ ಮೇಜು. ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕಮ್ಮ ಅದೇ ಮಹಡಿಯ ಕೈತೊಳೆಯೋ ತೊಟ್ಟಿ ಉಜ್ಜುತ್ತಿದ್ದಳು. ಒಳಗೆ ಪಟ್ಟಿ ಓದ್ತಾರೆ, ಇವತ್ತಿಗೆ ಮುಗೀತು. ಅಷ್ಟರಲ್ಲಿ ಸೊಳ್ಳೆ ಓಡಿ ಬಂದ. "ಹದಿನೇಳು! ಸಭಾಂಗಣಕ್ಕೆ ಹೋಗು! ಮಾತಾಡೋಕೆ ನಿಂತ ಹುಡುಗಿ ಕಾಫಿ ಚೆಲ್ಲಿದ್ದಾಳೆ, ದೊಡ್ಡ ಸಾಹೇಬ್ರ ಕಾಲ ಹತ್ರ!"

ಹೋದಳು. ಇಪ್ಪತ್ತು ಜನ ವಿದ್ಯಾರ್ಥಿಗಳು, ಮೇಷ್ಟ್ರು, ನಡುವೆ ಆಡಳಿತದ ದೊಡ್ಡ ಸಾಹೇಬ್ರು. ಪರದೆ ಹತ್ರ ಜಾಣಿ. ಇಸ್ತ್ರಿ ಮಾಡಿದ ಅಂಗಿ, ಚಿಕ್ಕಮ್ಮ ಬೆಳಿಗ್ಗೆ ತಾನೇ ಗುಂಡಿ ಹೊಲಿದು ಕೊಟ್ಟಿದ್ದು. ಚಿಕ್ಕಮ್ಮ ಒಪ್ಪಂದ ಮುರೀಲಿಲ್ಲ. ನೋಡಲಿಲ್ಲ.

ಕಾಫಿ ಮೇಜಿನ ಕೆಳಗೆ ಹರಡಿತ್ತು. ಕಾರ್ಪೆಟ್ಟಲ್ಲಿ ಕಾಫಿ ಅಂದ್ರೆ ಒರೆಸಿ ಎದ್ದು ಬರೋ ಕೆಲಸ ಅಲ್ಲ. ಉಜ್ಜಿದ್ರೆ ಇನ್ನೂ ಒಳಗೆ ಹೋಗುತ್ತೆ. ಬಟ್ಟೆ ಇಟ್ಟು ಒತ್ತಬೇಕು, ಹೀರಬೇಕು, ಸೋಪು ನೀರು ಚಿಮುಕಿಸಬೇಕು, ಮತ್ತೆ ಒತ್ತಬೇಕು. ಮಂಡಿ ಊರಬೇಕು, ಮೇಜಿನ ಕೆಳಗೆ ತೂರಬೇಕು. ಬಗ್ಗೋ ಕೆಲಸ ಅಂತ ಗೊತ್ತಾದ ಕೂಡಲೇ ಚಿಕ್ಕಮ್ಮನ ಕೈ ತಾನೇ ಮೇಲೆ ಹೋಯ್ತು. ಬಿಲ್ಲೆ ತೆಗೀತು. ಬಾಗಿಲ ಹಿಡಿಗೆ ತಗುಲಿಸ್ತು. ಅವಳಿಗೆ ಗೊತ್ತೂ ಆಗಲಿಲ್ಲ. ಎರಡು ವರ್ಷದ ಅಭ್ಯಾಸ, ಕೈಗೆ ಆಣೆಗೀಣೆ ತಿಳಿಯಲ್ಲ.

ಸಾಹೇಬ್ರು ಕಾಲು ತೆಗೀಲಿಲ್ಲ. ಒಂದು ಬೂಟು ಎರಡು ಬೆರಳಷ್ಟು ಎತ್ತಿದ್ರು, ನಾಯಿ ಕಂಬದ ಹತ್ರ ಎತ್ತಿದ ಹಾಗೆ. ಚಿಕ್ಕಮ್ಮ ಬೂಟಿನ ಸುತ್ತ ಒತ್ತಿದಳು. ಮಂಡಿ ಕಟಕಟ ಅಂತಿತ್ತು. ಮೇಲೆ ಜಾಣಿ ದನಿ ಕೇಳ್ತಿತ್ತು. ಅಬ್ಬಾ, ಎಷ್ಟು ನಿಧಾನ ಮಾತಾಡ್ತಿದ್ದಾಳೆ! ಮನೇಲಿ ಅಭ್ಯಾಸ ಮಾಡುವಾಗ ಪಟಪಟ ಅಂತ ಐದು ನಿಮಿಷಕ್ಕೆ ಮುಗಿಸಿದ್ದಳು. ಇಲ್ಲಿ ಒಂದೊಂದು ಗೆರೆಗೂ ವಿವರ, ಒಂದೊಂದು ಬಣ್ಣಕ್ಕೂ ವಿವರ.

"ಇದು ಹಳೇ ಲೆಕ್ಕ ಸರ್. ಈಗ ಇದೇ ಕ್ಷಣದ ನಕ್ಷೆ ತೋರಿಸ್ತೀನಿ. ನಲವತ್ತು ಚುಕ್ಕಿ. ಪಟ್ಟೀಲಿ ಮೊದಲನೇ ಸೋಮಾರಿ ಹದಿನೇಳು. ಅವರು ಈಗೇನು ಮಾಡ್ತಿದ್ದಾರೆ ನೋಡೋಣ."

ಟೊಂಯ್ ಅಂತ ಸದ್ದಾಯ್ತು. ಪರದೆ ಮೇಲೆ ಒಂದು ಚುಕ್ಕಿ ಕೆಂಪಾಯ್ತು. ಮೇಷ್ಟ್ರು ದೊಡ್ಡದಾಗಿ ಓದಿದ್ರು: "ಹದಿನೇಳು. ಹತ್ತು ನಿಮಿಷದಿಂದ ಕೆಲಸವಿಲ್ಲದೆ ನಿಂತಿದ್ದಾರೆ. ನೋಡಿದ್ರಾ ಸಾಹೇಬ್ರೇ, ಎಷ್ಟು ನಿಖರ!"

"ಎಲ್ಲಿ ನಿಂತಿದ್ದಾಳೆ ಅವಳು?" ಅಂದ್ರು ಸಾಹೇಬ್ರು.

"ಏಳನೇ ಮಹಡಿ," ಮೇಷ್ಟ್ರು ನಕ್ಷೆ ಹತ್ರ ಹೋದ್ರು. "ಸಭಾಂಗಣ. ಅಂದ್ರೆ... ಇದೇ ಬಾಗಿಲಲ್ಲಿ."

ಎಲ್ಲರೂ ತಿರುಗಿ ನೋಡಿದ್ರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹಿಡಿಯಲ್ಲಿ ಬಿಳಿ ಬಿಲ್ಲೆ ಮೆಲ್ಲಗೆ ತೂಗ್ತಿತ್ತು.

"ಮತ್ತೆ ಆ ಹೆಂಗಸು ಎಲ್ಲಿ?"

"ನಿಮ್ಮ ಕಾಲ ಹತ್ರ ಸರ್," ಅಂದಳು ಜಾಣಿ. "ನಮ್ಮ ಚಿಕ್ಕಮ್ಮ."

ಮೇಜಿನ ಕೆಳಗಿಂದ ಚಿಕ್ಕಮ್ಮ ತಲೆ ಹೊರಗೆ ಹಾಕಿದಳು. ಕೈಯಲ್ಲಿ ಕಂದು ಬಟ್ಟೆ, ಮುಖದಲ್ಲಿ ಬೆವರು. ಹಿಂದಿನ ಸಾಲಲ್ಲಿ ಒಬ್ಬ ಹುಡುಗ ಫಕ್ ಅಂತ ನಕ್ಕ. ಆಮೇಲೆ ಇಪ್ಪತ್ತು ಜನರೂ ನಕ್ಕರು. ಚಿಕ್ಕಮ್ಮನನ್ನ ನೋಡಿ ಅಲ್ಲ, ಪರದೆ ನೋಡಿ. ಅಲ್ಲಿ ಕೆಂಪು ಚುಕ್ಕಿ ಇನ್ನೂ ಟೊಂಯ್ ಟೊಂಯ್ ಅಂತಾನೇ ಇತ್ತು.

ಸೊಳ್ಳೆ ಬಾಗಿಲಿಂದ ಹಾರಿ ಬಂದ. ಬಿಲ್ಲೆ ಕಿತ್ಕೊಂಡು ಅವಳ ಮುಂದೆ ಹಿಡಿದ. "ಹಾಕ್ಕೋ! ಯಾರನ್ನ ಕೇಳಿ ತೆಗೆದೆ? ಮೊದಲು ಕೊರಳಿಗೆ ಹಾಕ್ಕೋ!"

ಚಿಕ್ಕಮ್ಮ ಮೇಜು ಹಿಡ್ಕೊಂಡು ಎದ್ದಳು. ಒಂದು ಮಂಡಿ, ಆಮೇಲೆ ಇನ್ನೊಂದು. ಹೊತ್ತು ಹಿಡೀತು. ಎಲ್ಲರೂ ಕಾಯಬೇಕಾಯ್ತು.

"ಹಾಕ್ಕೊಳ್ಳಲ್ಲ," ಅಂದಳು.

"ಏನು?"

"ಕಿವಿ ಕೇಳಲ್ವಾ? ಹಾಕ್ಕೊಳ್ಳಲ್ಲ. ಅದು ಕಮೋಡಿನೊಳಗೆ ಬಿದ್ದಾಗ ನಾನೇ ಕೈ ಹಾಕಿ ತೆಗೆದೆ, ನೀವು ಎಲ್ಲರ ಮುಂದೆ ಅದನ್ನ ನನ್ನ ಕೊರಳಿಗೇ ಹಾಕಿಸಿದ್ರಿ. ಸಂಜೆವರೆಗೂ ಹಾಕ್ಕೊಂಡಿದ್ದೆ. ಅನ್ನ ತಿನ್ನಲಿಲ್ಲ. ಇನ್ನು ಬಗ್ಗೋ ಕೆಲಸದಲ್ಲಿ ಅದನ್ನ ಕೊರಳಿಗೆ ಹಾಕಲ್ಲ. ಬೇಕಾದ್ರೆ ನೀವು ಹಾಕ್ಕೊಂಡು ಕಮೋಡಿಗೆ ಬಗ್ಗಿ ತೋರಿಸಿ."

"ಜೇಬಲ್ಲಿ ಇಟ್ಕೊಳ್ಳಬಹುದಲ್ಲಮ್ಮ," ಅಂದ್ರು ಮೇಷ್ಟ್ರು. ಪಾಪ, ಒಳ್ಳೇ ಮನಸ್ಸಿಂದಾನೇ ಅಂದ್ರು.

ಚಿಕ್ಕಮ್ಮ ಎರಡೂ ಕೈಯಲ್ಲಿ ಅಂಗಿ ಸವರಿ ತೋರಿಸಿದಳು. ಎಡಕ್ಕೆ, ಬಲಕ್ಕೆ, ಎದೆಗೆ. "ಎಲ್ಲಿದೆ ಜೇಬು? ನೀವೇ ಹುಡುಕಿ ಕೊಡಿ ಮೇಷ್ಟ್ರೇ. ಓದಿದೋರು."

ಮೇಷ್ಟ್ರು ಆ ಅಂಗೀನ ನೋಡಿದ್ರು. ಇಲ್ಲಿ ಪಾಠ ಹೇಳಿದ ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ನೋಡಿದ್ರು. ಅವರ ಕೈ ತಮ್ಮ ಪ್ಯಾಂಟಿನ ಜೇಬಲ್ಲೇ ಇತ್ತು. ಮೆಲ್ಲಗೆ ಹೊರಗೆ ತೆಗೆದ್ರು.

ಸಾಹೇಬ್ರು ಕೆಮ್ಮಿದ್ರು. "ಪಟ್ಟಿ ಸದ್ಯಕ್ಕೆ ಬೇಡ. ಪರಿಶೀಲನೆ ಮಾಡೋಣ," ಅಂದ್ರು. ಕಾರ್ಪೆಟ್ಟಿನ ಕಲೆ ನೋಡಿ, "ಇದು ಪೂರ್ತಿ ಹೋಗುತ್ತಾ?" ಅಂದ್ರು.

"ನೀವು ಕಾಲು ತೆಗೆದ್ರೆ ಹೋಗುತ್ತೆ," ಅಂದಳು ಚಿಕ್ಕಮ್ಮ.

ಸಂಜೆ ಮನೆಗೆ ಬಂದವಳೇ ಚಪ್ಪಲಿ ಎಸೆದಳು. "ಜಾಣಿ! ಲೋಟ ಕೈ ಜಾರಿದ್ದಾ, ಜಾರಿಸಿದ್ದಾ?"

"ಅದಕ್ಕೆ ಡೇಟಾ ಇಲ್ಲ ಚಿಕ್ಕಮ್ಮ."

"ಕಪಾಳಕ್ಕೆ ಕೊಟ್ರೆ ಡೇಟಾ ಬರುತ್ತೆ! ಚೆಲ್ಲೋದು ಚೆಲ್ಲಿದೆ, ಆಚೆ ಟೈಲ್ಸ್ ಮೇಲೆ ಚೆಲ್ಲಬಾರದಿತ್ತಾ? ಕಾರ್ಪೆಟ್ಟೇ ಬೇಕಿತ್ತಾ ಮಹಾರಾಣಿಗೆ?"

"ಟೈಲ್ಸ್ ಆಗಿದ್ರೆ ನೀನು ಎರಡು ನಿಮಿಷಕ್ಕೆ ಮುಗಿಸ್ಬಿಡ್ತಿದ್ದೆ. ಕೆಂಪಾಗೋಕೆ ಹತ್ತು ನಿಮಿಷ ಬೇಕು."

ಚಿಕ್ಕಮ್ಮ ಎಸೆದ ಚಪ್ಪಲೀನ ಕಾಲಲ್ಲಿ ಮೂಲೆಗೆ ತಳ್ಳಿದಳು. ಜಾಣಿಯ ಕಣ್ಣು ತುಂಬಿತ್ತು. "ಆಣೆ ಮುರಿದಿಲ್ಲ. ಬಿಲ್ಲೆ ತೆಗೀತಾರೆ ಅಂತ ನಾನಾಗಿ ಹೇಳಲಿಲ್ಲ. ಆದ್ರೆ ಎಲ್ಲರ ಮುಂದೆ ನಿನ್ನ ಮಂಡಿ ಊರಿಸಿದೆ ನಾನು. ಆ ಹತ್ತು ನಿಮಿಷ ನಂಗೆ..."

"ಸಾಕು ಬಿಡು. ಮಂಡಿ ದಿನಾ ಊರ್ತೀನಿ. ಇವತ್ತು ಎದ್ದು ನಿಂತಿದ್ದು ಹೊಸದು." ಚಿಕ್ಕಮ್ಮ ಕೂತು ಕಾಲು ಚಾಚಿದಳು. "ಬಿಸಿನೀರು ಕಾಯಿಸು ಹೋಗು. ಹತ್ತು ನಿಮಿಷ ಅಲ್ಲಾಡದೆ ಒತ್ತಬೇಕು ಕಾಲನ್ನ. ಕೆಂಪಾಗೋವರೆಗೆ."

ಮಾರನೇ ಬೆಳಿಗ್ಗೆ ಸೊಳ್ಳೆ ಬಂದು ನೋಡ್ತಾನೆ, ಅವನ ಕೋಣೆ ಬಾಗಿಲ ಹಿಡಿಗೆ ನಲವತ್ತು ಬಿಲ್ಲೆ, ಬಾಳೆಗೊನೆ ಥರ. ಮೊದಲನೇದನ್ನ ತಗುಲಿಸಿದ್ದು ಗುಂಡಕ್ಕ. ಕಂಪ್ಯೂಟರಲ್ಲಿ ಆವತ್ತೆಲ್ಲ ಇಡೀ ಯೂನಿವರ್ಸಿಟಿ ಖಾಲಿ, ಒಂದೇ ಜಾಗ ಕೆಂಪು ಬೆಂಕಿ. ಸೋಮಾರಿಗಳ ರಾಜಧಾನಿ ಸೂಪರ್‌ವೈಸರ್ ಕೋಣೆ ಅಂತ ನಕ್ಷೇಲಿ ಬಂತು. ಆ ನಕ್ಷೆ ವಿದ್ಯಾರ್ಥಿಗಳ ಮೊಬೈಲಿಗೆಲ್ಲ ಹೆಂಗೆ ಹೋಯ್ತೋ, ಅದಕ್ಕೂ ಡೇಟಾ ಇಲ್ಲ.

ಪಟ್ಟಿ ಮತ್ತೆ ಬರಲಿಲ್ಲ. ಜೇಬೂ ಬರಲಿಲ್ಲ. ಅರ್ಜಿ ಪರಿಶೀಲನೇಲಿದೆ ಅಂದ್ರು. ಪರಿಶೀಲನೆ ಅಂದ್ರೆ ಏನು ಅಂತ ಚಿಕ್ಕಮ್ಮನಿಗೆ ಗೊತ್ತು, ಹತ್ತು ನಿಮಿಷ ಅಲ್ಲಾಡದೆ ಒಂದೇ ಕಡೆ ಇರೋದು. ಒಂದು ಭಾನುವಾರ ಅವಳು, ಗುಂಡಕ್ಕ, ಇನ್ನೂ ಆರು ಜನ ಹೊಲಿಗೆ ಮಿಷನ್ ಮುಂದೆ ಕೂತರು. ಜಾಣಿಯ ಹಳೇ ಜೀನ್ಸು, ಗಂಡಂದಿರ ಹಳೇ ಶರ್ಟು, ಒಂದು ಹೂವಿನ ಪರದೆ. ನಲವತ್ತು ಅಂಗಿಗೆ ನಲವತ್ತು ಜೇಬು, ಒಂದಕ್ಕೊಂದು ಸಂಬಂಧವಿಲ್ಲದ ಬಣ್ಣ. ಚಿಕ್ಕಮ್ಮ ತನ್ನದಕ್ಕೆ ಮಾತ್ರ ಎರಡು ಹೊಲಿದ್ಕೊಂಡಳು. ಸೊಳ್ಳೆ ಸೋಮವಾರ ನೋಡಿದ. ಬಾಯಿ ತೆರೆದ. ನಲವತ್ತು ಜನ ಅವನನ್ನೇ ನೋಡ್ತಿದ್ರು. ಬಾಯಿ ಮುಚ್ಚಿದ.

ಜಾಣಿಗೆ ನೂರಕ್ಕೆ ತೊಂಬತ್ತು. ಹತ್ತು ಯಾಕೆ ಕಡಿಮೆ ಅಂದ್ರೆ ಮೇಷ್ಟ್ರು ಬರೆದಿದ್ರು: ಐದು ಕಾಫಿಗೆ, ಐದು ಕಾರ್ಪೆಟ್ಟಿಗೆ. ಅವರ ಕೋಣೆಯ ಚೌಕಟ್ಟು ಮಾತ್ರ ಈಗ ಗೋಡೇಲಿಲ್ಲ, ಬರೀ ಮೊಳೆ ಇದೆ.

ಅಂಕಪಟ್ಟಿ ಬಂದ ದಿನ ಜಾಣಿ ಮೂರನೇ ಮಹಡಿ ಕಾರಿಡಾರಲ್ಲಿ ಬಂದಳು, ಗೋಡೆ ನೋಡ್ಕೊಂಡಲ್ಲ. "ಚಿಕ್ಕಮ್ಮಾ!" ಅಂತ ಈ ತುದಿಯಿಂದ ಕೂಗಿದಳು. ಹುಡುಗರೆಲ್ಲ ತಿರುಗಿದ್ರು. ಚಿಕ್ಕಮ್ಮ ಕೋಲನ್ನ ಗೋಡೆಗೆ ಒರಗಿಸಿದಳು. ಬಿಲ್ಲೆ ಹೂವಿನ ಜೇಬೊಳಗಿತ್ತು. ಎರಡೂ ಕೈ ಎರಡೂ ಜೇಬಿಗೆ ಇಳಿಬಿಟ್ಟು, ಆ ಹುಡುಗರು ನಿಲ್ತಾರಲ್ಲ, ಹಂಗೇ ನಿಂತಳು. ಜಾಣಿ ಹೇಳ್ತಾ ಹೋದಳು, ಇವಳು ಕೇಳ್ತಾ ನಿಂತಳು. ಐದು ನಿಮಿಷ. ಹತ್ತು. ಹನ್ನೆರಡು.

ಕೆಳಗೆ ಕಂಪ್ಯೂಟರಲ್ಲಿ ಒಂದು ಚುಕ್ಕಿ ಟೊಂಯ್ ಅಂತು. ಹದಿನೇಳು, ಕೆಲಸವಿಲ್ಲದೆ ನಿಂತಿದ್ದಾರೆ.

ಆ ಬಿಲ್ಲೆ ಬಂದಾಗಿನಿಂದ ನಿಜ ಹೇಳಿದ್ದು ಅದೊಂದೇ ಸಲ.